ಹೊಸ ಕಂಪ್ಯೂಟರ್ ಮಿಸುಕಲಿಲ್ಲ

ಗಂಡನದು ರೈಲ್ವೆ ನೌಕರಿ. ವರ್ಗವಾದಲ್ಲಿಗೆಲ್ಲ ಗಂಟುಮೂಟೆ ಕಟ್ಟಿಕೊಂಡು ಅವರ ಹಿಂದೆ ಹೋಗಿ ನನಗೆ ಸಾಕುಸಾಕಾಗಿತ್ತು. ಒಂದೂರಿನಲ್ಲಿ ಹೊಲಿಗೆ ಕಲಿತೆ, ಇನ್ನೊಂದೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿದೆ. ಎರಡೂ ಅರ್ಧಕ್ಕೇ ನಿಂತವು. ಕಾಶಿಗೆ ಬಂದ ಮೇಲೆ ಹಟ ಹಿಡಿದು ಅಲ್ಲಿನ ಲಂಕಾ ಎಂಬ ಬಡಾವಣೆಯ ಕ್ಲಾಸಿಗೆ ಹೋಗಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದನ್ನು ಕಲಿತೆ. ಮನೆಯಲ್ಲೇ ಕೂತು ಮಾಡುವ ಈ ಕೆಲಸ ಎಲ್ಲಿಗೆ ವರ್ಗವಾದರೂ ನನ್ನ ಜೊತೆ ಬರುತ್ತದೆ ಎಂಬ ಆಸೆ. ಲಂಕಾದ ಒಂದು ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಯಂತ್ರ ತಯಾರು ಮಾಡಿಕೊಟ್ಟರು. ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬಳು ತನ್ನ ಪ್ರಬಂಧದ ಮೊದಲ ಅಧ್ಯಾಯ ಕೊಟ್ಟು, ಮಂಗಳವಾರ ಸಂಜೆ ಬಂದು ನೋಡುತ್ತೇನೆ, ಹಿಡಿಸಿದರೆ ಉಳಿದದ್ದೂ ನಿಮಗೇ ಎಂದಿದ್ದಳು.

ಸೋಮವಾರ ಯಂತ್ರ ರಿಕ್ಷಾದಲ್ಲಿ ಮನೆಗೆ ಬಂತು. ಬಂದ ಹೊತ್ತಿಗೆ ಕರೆಂಟ್ ಇರಲಿಲ್ಲ. ಧಾರವಾಡದಿಂದ ಬಂದು ನಮ್ಮಲ್ಲಿದ್ದ ಅತ್ತೆಗೆ ಅದೇ ಒಳ್ಳೆಯದಾಯಿತು.

"ಈಬತ್ತಿ ಹಚ್ಚದ ಹೊಸಾ ಯಂತ್ರ ಚಾಲೂ ಮಾಡತಾರೇನವಾ?" ಎಂದು ಮಠದಿಂದ ತಂದಿದ್ದ ವಿಭೂತಿಯನ್ನು ನೀರಿನಲ್ಲಿ ಕಲಸಿ, ಪೆಟ್ಟಿಗೆಯ ಮುಖಕ್ಕೆಲ್ಲ ಮೂರು ಬೆರಳಿನಿಂದ ಧಾರಾಳವಾಗಿ ಬಳಿದರು. ಕಾಯಿ ಒಡೆದರು. ಕರೆಂಟ್ ಬರಲೇ ಇಲ್ಲ, ಮಲಗಿದೆವು.

ಬೆಳಿಗ್ಗೆ ಗುಂಡಿ ಒತ್ತಿದೆ. ಜಪ್ಪಯ್ಯ ಅಂದರೂ ಮಿಸುಕಲಿಲ್ಲ. ದೀಪವಿಲ್ಲ, ಫ್ಯಾನಿನ ಸದ್ದೂ ಇಲ್ಲ. ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಹಚ್ಚಿದೆ, ಉರಿಯಿತು. ಸ್ಟೆಬಿಲೈಸರಿನ ಮುಳ್ಳು ನೆಟ್ಟಗೆ ನಿಂತಿತ್ತು. ಹಿಂದಿನ ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಪಕ್ಕದ ಮನೆಯಿಂದ ಫೋನ್ ಮಾಡಿದರೆ ಅಂಗಡಿಯವನು, "ಬೆಹನ್‌ಜೀ, ಹಮಾರೇ ಯಹಾಂ ತೋ ಚಲ್ ರಹಾ ಥಾ" ಎಂದ. ಅವನಲ್ಲಿ ನಡೆಯುತ್ತಿತ್ತಂತೆ. ನನ್ನಲ್ಲಿ ನಡೆಯುತ್ತಿಲ್ಲವಲ್ಲ ಮಾರಾಯ, ಅದಕ್ಕೇನು ಮಾಡಲಿ? ನಾಳೆ ಬಂದು ನೋಡುತ್ತಾನಂತೆ.

ಡ್ಯೂಟಿಗೆ ಹೊರಟಿದ್ದ ಗಂಡ ಬಾಗಿಲಲ್ಲೇ ನಿಂತು, "ವಾಪಸ್ ಕೊಟ್ಟು ಬಿಡೂಣು. ನಮಗ್ಯಾಕ ಬೇಕಿತ್ತು ಈ ಉಸಾಬರಿ?" ಎಂದರು. ಸಿಟ್ಟಿನಿಂದಲ್ಲ, ಮರುಕದಿಂದ. ಅದೇ ನನಗೆ ಹೆಚ್ಚು ಚುಚ್ಚಿತು. ಹೊಲಿಗೆ ಬಿಡುವಾಗಲೂ ಹೀಗೇ ಮರುಕಪಟ್ಟಿದ್ದರು.

ಅನ್ನಕ್ಕಿಟ್ಟು ಬಂದು ಒತ್ತಿದೆ, ಬಟ್ಟೆ ಹಿಂಡಿ ಹಾಕಿ ಬಂದು ಒತ್ತಿದೆ. ಸೊಂಟ ನೋಯುತ್ತಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಕೊನೆಗೆ ಯಂತ್ರದೆದುರು ನೆಲದ ಮೇಲೆ ಕೂತು ಸುಮ್ಮನೆ ಗುಂಡಿಯನ್ನೇ ಅದುಮುತ್ತಿದ್ದೆ. ಆಗ ಹೊಳೆಯಿತು: ಅಂಗಡಿಯಲ್ಲಿ ಒತ್ತಿದಾಗ ಇದು ಟಕ್ಕೆಂದು ಒಳಗೆ ಕೂತಿತ್ತು. ಇಲ್ಲಿ ಟಕ್ಕೆನ್ನುತ್ತಲೇ ಇಲ್ಲ, ಅರ್ಧ ಹೋಗಿ ನಿಲ್ಲುತ್ತಿದೆ. ಬಗ್ಗಿ ನೋಡಿದರೆ ಗುಂಡಿಯ ಸುತ್ತಲಿನ ಸಂದಿಯಲ್ಲೆಲ್ಲ ವಿಭೂತಿ. ರಾತ್ರಿ ಒಣಗಿ ಸುಣ್ಣದ ಗಾರೆಯಾಗಿ ಕೂತಿತ್ತು.

ಪ್ಲಗ್ ಕಿತ್ತು, ಬಳೆಯಲ್ಲಿದ್ದ ಪಿನ್ನು ತೆಗೆದು ಕೆರೆದೆ. ಪುಡಿ ಊದಿದೆ, ಮತ್ತೆ ಕೆರೆದೆ. ಪ್ಲಗ್ ಸಿಕ್ಕಿಸಿ ಒತ್ತಿದಾಗ ಗುಂಡಿ ಟಕ್ಕೆಂದು ಒಳಗೆ ಹೋಯಿತು, ಫ್ಯಾನು ಗುಂಯ್ ಎಂದಿತು, ಪರದೆಯ ಮೇಲೆ ಅಕ್ಷರ ಮೂಡಿತು. ಆಗ ಮಾತ್ರ ಗಳಗಳನೆ ಅತ್ತುಬಿಟ್ಟೆ.

ಅಳು ಕೇಳಿ ಬಂದ ಅತ್ತೆ, ನನ್ನ ಕೈಯ ಪಿನ್ನನ್ನೂ ನೆಲದ ಬಿಳಿ ಪುಡಿಯನ್ನೂ ನೋಡಿದರು. ಅವರು ಒದ್ದೆ ಬಟ್ಟೆ ತಂದು ನೆಲ ಒರೆಸಿದರು.

ಮಧ್ಯಾಹ್ನ ಗಂಡ ಊಟಕ್ಕೆ ಬಂದರು. ಟೈಪ್ ಮಾಡುತ್ತಿದ್ದ ನಾನು ರೂಢಿಯಂತೆ ಏಳಹೋದೆ. ಅತ್ತೆ ಅಡುಗೆಮನೆಯಿಂದಲೇ, "ನೀ ಏಳಬ್ಯಾಡ. ನಿನ್ನ ಕೆಲಸ ಮುಗಸು. ಅವಗ ನಾ ಬಡಸ್ತೀನಿ" ಎಂದರು.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ನನ್ನ ಕೆಲಸ ಎಂದರೆ ಬಡಿಸುವುದೇ ಆಗಿತ್ತು. ಗಂಡ ಒಮ್ಮೆ ನನ್ನ ಮುಖ, ಒಮ್ಮೆ ತಾಯಿಯ ಮುಖ ನೋಡಿ, ತಾವೇ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ನಾನು ಏಳಲಿಲ್ಲ.