ಆಕ್ಸಿಲರೇಟರ್ ಇಲ್ಲದ ಸೀಟು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಪೆಡಲ್‌ಗಳಿರುತ್ತವೆ. ಆದರೆ ಎರಡೇ, ಕ್ಲಚ್ಚು ಮತ್ತು ಬ್ರೇಕು. ಆಕ್ಸಿಲರೇಟರ್ ಇರುವುದಿಲ್ಲ. ಅಲ್ಲಿ ಕೂತು ಕಲಿಸುವವರು ಕಾರನ್ನು ನಿಲ್ಲಿಸಬಹುದು, ಓಡಿಸಲಾಗುವುದಿಲ್ಲ. ನಮ್ಮ ಬೀದಿಯ ವೇಣಿ ಅಕ್ಕ ಹೆಬ್ಬಗೋಡಿಯಲ್ಲಿ ಆ ಸೀಟಿನಲ್ಲಿ ಕೂರಲು ಶುರುಮಾಡಿ ಇಪ್ಪತ್ತೊಂದು ವರ್ಷವಾಯಿತು.

ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಕ್ಯಾಬ್ ಓಡಿಸಬೇಕೆಂದು ರಾಯಚೂರು ಕಡೆಯಿಂದ ಬಂದವರು, ಎಲೆಕ್ಟ್ರಾನಿಕ್ ಸಿಟಿಯ ಇಂಜಿನಿಯರುಗಳು, ಎಲ್ಲರೂ ಅವರ ಹತ್ತಿರ ಕಲಿತಿದ್ದಾರೆ. ಎಲ್ಲರಿಗೂ ನೆನಪಿರುವುದು ಅಕ್ಕನ ಒಂದೇ ಮಾತು: "ಕಾಲ್ ತೆಗಿ." ಇಂಜಿನಿಯರಾದರೆ "ಕಾಲ್ ತೆಗೀರಿ." ಹೊಸಬರು ಗಾಬರಿಯಾದಾಗ ಆಕ್ಸಿಲರೇಟರನ್ನು ಇನ್ನೂ ಜೋರಾಗಿ ಒತ್ತುತ್ತಾರೆ. ಅಷ್ಟರಲ್ಲಿ ಅಕ್ಕನ ಎರಡು ಕಾಲೂ ಎರಡು ಪೆಡಲ್ ಮೇಲೆ ಬಿದ್ದು ಕಾರು ನಿಂತಿರುತ್ತದೆ. ಇಷ್ಟು ವರ್ಷಗಳಲ್ಲಿ ಅವರ ಕಾರು ಯಾರನ್ನೂ, ಯಾವುದನ್ನೂ ಮುಟ್ಟಿಲ್ಲ. ಇದನ್ನು ಸ್ಕೂಲಿನ ಮಾಲೀಕರಾದ ಮುನಿಯಣ್ಣನವರನ್ನು ಕೇಳಿಯೇ ಬರೆದಿದ್ದೇನೆ. "ಒಂದ್ ಸಲ ಕೋಳಿಗೆ ತಗಲ್ತು. ಆದ್ರೆ ಆವತ್ತು ವೇಣಿ ರಜಾ" ಎಂದರು.

ಆದರೆ ವೇಣಿ ಅಕ್ಕ ಗಾಡಿ ಕಲಿತದ್ದು ನಿಲ್ಲಿಸುವ ಆಸೆಯಿಂದಲ್ಲ. ಅವರ ಅಪ್ಪ ನಂಜಪ್ಪನವರು ಚಂದಾಪುರದಿಂದ ಸಿಟಿ ಮಾರ್ಕೆಟ್ಟಿಗೆ ತರಕಾರಿ ಟೆಂಪೊ ಓಡಿಸುತ್ತಿದ್ದರು. ಮಗಳಿಗೆ ಹದಿನೆಂಟು ತುಂಬಿ ಲೈಸೆನ್ಸ್ ಬಂದ ವಾರವೇ ಸ್ಟೀರಿಂಗ್ ಬಿಟ್ಟುಕೊಟ್ಟರು. ತರಕಾರಿ ಇಳಿಸಿ ಖಾಲಿ ಟೆಂಪೊ ತರುವಾಗ ಕೆರೆ ಏರಿಯ ತಿರುವುಗಳಲ್ಲಿ ಒಂದು ಸಲವೂ ಬ್ರೇಕ್ ಮುಟ್ಟದೆ ಬರುತ್ತಿದ್ದೆ ಎಂದು ಅಕ್ಕ ಈಗಲೂ ಹೇಳುತ್ತಾರೆ. ಹೇಳುವಾಗ ಅವರ ಕೈಗಳು ಗಾಳಿಯಲ್ಲೇ ಸ್ಟೀರಿಂಗ್ ಹಿಡಿದಿರುತ್ತವೆ. ಮದುವೆಯಾಯಿತು, ಟೆಂಪೊ ಮಾರಿದರು, ಅಕ್ಕ ಕಲಿಸಲು ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಅಲ್ಲಿಂದ ಈಚೆಗೆ ಅವರು ಬಲಗಡೆ ಸೀಟಿನಲ್ಲಿ ಕೂರುವುದು ದಿನಕ್ಕೆ ಒಂದು ಕಿಲೋಮೀಟರ್, ಶೆಡ್ಡಿನಿಂದ ಗ್ರೌಂಡಿನವರೆಗೆ ಮಾತ್ರ.

ಈ ವರ್ಷ ನಂಜಪ್ಪನವರ ಹೆಸರಿನಲ್ಲಿದ್ದ ಸೈಟನ್ನು ಮಾರಿ ಮಕ್ಕಳು ಹಂಚಿಕೊಂಡರು. ತನ್ನ ಪಾಲಿನಲ್ಲಿ ಮಗಳ ಓದಿಗೆ ತೆಗೆದಿಟ್ಟು ಉಳಿದದ್ದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆ ಎಂದರು ಅಕ್ಕ. ಬಾಡಿಗೆಗಲ್ಲ, ಕೆಲಸಕ್ಕಲ್ಲ, ಭಾನುವಾರ ಬೆಳಿಗ್ಗೆ ಓಡಿಸುವ ಖುಷಿಗೆ. ಬೀದಿಯಲ್ಲಿ ಎಲ್ಲರೂ ನಕ್ಕರು. ಅವರ ಗಂಡ ಅಂಬರೀಶ್ ಅಣ್ಣ ನಗಲಿಲ್ಲ, ಹೆದರಿದರು.

"ನೀನು ಗಾಡಿ ಓಡ್ಸಿ ಇಪ್ಪತ್ತು ವರ್ಷ ಆಯ್ತು ಕಣೆ. ಅಲ್ಲಿಂದ ಬರೀ ನಿಲ್ಸಿದ್ದೀಯ" ಎಂದರು.

ಆ ಮಾತು ಅಕ್ಕನಿಗೆ ಚುಚ್ಚಿತು, ಏಕೆಂದರೆ ಅದೇ ಅನುಮಾನ ಅವರಿಗೂ ಇತ್ತು. "ಭಾನುವಾರ ಎರಡು ಗಾಡಿ ನೋಡ್ತೀನಿ. ನನ್ ಕೈಲಿ ಆಗಲ್ಲ ಅಂತ ಗೊತ್ತಾದ್ರೆ ಇನ್ಯಾವತ್ತೂ ಈ ವಿಷ್ಯ ಎತ್ತಲ್ಲ" ಎಂದುಬಿಟ್ಟರು. ಅಕ್ಕ ಆಡಿದ ಮಾತು ತಪ್ಪುವವರಲ್ಲ. ಹೀಗಾಗಿ ಆ ಒಂದು ಭಾನುವಾರಕ್ಕೆ ಇಷ್ಟು ವರ್ಷದ ಆಸೆಯೆಲ್ಲ ಬಂದು ನಿಂತಿತು.

ಎರಡು ಕಾರೂ ಪೀಣ್ಯದಲ್ಲಿದ್ದವು. ಅಕ್ಕ ಹೆಬ್ಬಗೋಡಿಯಲ್ಲಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಇನ್ನೊಂದು ಮೆಟ್ರೊ ಹಿಡಿದು ಒಬ್ಬರೇ ಹೋದರು. ನಾನು ಅಲ್ಲಿರಲಿಲ್ಲ. ಇದ್ದರೂ ಒಳಗೆ ಕೂರಲು ಜಾಗವಿರುತ್ತಿರಲಿಲ್ಲ, ಎರಡು ಕಾರಿಗೂ ಎರಡೆರಡೇ ಸೀಟು. ನಡೆದದ್ದನ್ನು ಅಕ್ಕನೂ, ಎರಡನೆಯ ಕಾರಿನ ಪರಮಾನಂದ ಅವರೂ ಹೇಳಿದ ಹಾಗೆ ಬರೆದಿದ್ದೇನೆ. ಎರಡು ಕಡೆ ಇಬ್ಬರ ಮಾತು ಕೂಡುವುದಿಲ್ಲ. ಅದನ್ನು ಅಲ್ಲಲ್ಲಿಯೇ ತಿಳಿಸುತ್ತೇನೆ.

ಮೊದಲನೆಯದು ಕೆಂಪು ಕಾರು. ಲೋಕೇಶ್ ಎಂಬ ಡೀಲರ್ ಅದನ್ನು ಯಾರ್ಡಿನ ಮುಂದೆ ಒರೆಸಿ ನಿಲ್ಲಿಸಿದ್ದರು. ಏಳು ವರ್ಷ ಹಳೆಯದು, ಆಟೊಮ್ಯಾಟಿಕ್, ಅದಕ್ಕೆ ಕ್ಲಚ್ಚೇ ಇಲ್ಲ.

"ಮೊದ್ಲು ನಾನ್ ಓಡುಸ್ತೀನಿ ಮೇಡಂ, ನೀವ್ ಕೂತ್ಕೊಂಡು ಮಜಾ ನೋಡಿ" ಎಂದರು.

ಅಕ್ಕ ಎಡಗಡೆ ಕೂತರು. ಭಾನುವಾರವಾದ್ದರಿಂದ ಫ್ಯಾಕ್ಟರಿಗಳೆಲ್ಲ ಮುಚ್ಚಿದ್ದವು, ರಸ್ತೆ ಖಾಲಿ ಇತ್ತು. ಲೋಕೇಶ್ ಒತ್ತಿದ ತಕ್ಷಣ ಕಾರು ಹಿಂದಿನಿಂದ ಒದ್ದ ಹಾಗೆ ನುಗ್ಗಿತು. ಅಕ್ಕನ ಬಲಗಾಲು ತಾನಾಗಿಯೇ ಕೆಳಗೆ ಹೋಯಿತು. ಅಲ್ಲಿ ಪೆಡಲ್ ಇರಲಿಲ್ಲ. ಒತ್ತಿದ ರಭಸಕ್ಕೆ ಕಾಲಡಿಯ ಮ್ಯಾಟು ಮುದುರಿ ಮೇಲೆದ್ದಿತು.

"ಮೇಡಂ, ಅದು ಮ್ಯಾಟು. ಎಷ್ಟ್ ಒತ್ತುದ್ರೂ ಗಾಡಿ ನಿಲ್ಲಲ್ಲ" ಎಂದು ಲೋಕೇಶ್ ನಕ್ಕರು.

ಆಮೇಲೆ ಅಕ್ಕ ಓಡಿಸಿದರು. ಫ್ಯಾಕ್ಟರಿಗಳ ಸಾಲನ್ನು ಸುತ್ತಿಕೊಂಡು ಯಾರ್ಡಿಗೆ ಮರಳಲು ಎರಡು ಕಿಲೋಮೀಟರ್. ಮಧ್ಯದಲ್ಲಿ ಬಲಕ್ಕೆ ಬಾಗುವ ಒಂದು ಉದ್ದ ತಿರುವು. ಬಲಕ್ಕೆ ಕಾಂಪೌಂಡ್ ಗೋಡೆ, ಎಡಕ್ಕೆ ಚಪ್ಪಡಿ ಇಲ್ಲದ ಮೋರಿ. ಲೇತ್ ಮಷೀನಿನ ಎಣ್ಣೆ ಮೆತ್ತಿದ ಕಬ್ಬಿಣದ ಚೂರು ತುಂಬಿಕೊಂಡು ಹೋಗುವ ಗುಜರಿ ಟೆಂಪೊಗಳು ಅಲ್ಲಿ ತಿರುಗುವಾಗ ಎಣ್ಣೆ ಸುರಿಸುತ್ತವೆ. ಟಾರು ಅಲ್ಲಿ ಯಾವಾಗಲೂ ಕಪ್ಪಗೆ ಮಿನುಗುತ್ತಿರುತ್ತದೆ.

ಅರವತ್ತರ ವೇಗದಲ್ಲಿ ತಿರುವಿನೊಳಗೆ ಹೋದ ಮೇಲೆ ಆ ಕಪ್ಪು ಕಂಡು ಅಕ್ಕನ ಕಾಲು ಬ್ರೇಕಿನ ಮೇಲೆ ಹಾರಿತು. ಏನೂ ಆಗಲಿಲ್ಲ. ಒಂದು ಹಳದಿ ದೀಪ ಮಿಣುಕಿ ಆರಿತು, ಕಾರು ಗೆರೆ ಎಳೆದ ಹಾಗೆ ತಿರುಗಿಕೊಂಡಿತು.

"ನೋಡುದ್ರಾ? ನೀವು ತಪ್ಪು ಮಾಡ್ತೀನಿ ಅಂದ್ರೂ ಇದು ಬಿಡಲ್ಲ" ಎಂದರು ಲೋಕೇಶ್. "ಆದ್ರೆ ಬೇಗ ಹೇಳ್ಬೇಕು ಮೇಡಂ. ಮಧ್ಯಾಹ್ನ ಯಲಹಂಕದಿಂದ ಬೇರೆ ಪಾರ್ಟಿ ಬರ್ತಿದ್ದಾರೆ."

ಅಕ್ಕ ಯಾರ್ಡಿನ ಗೇಟಿನ ಹತ್ತಿರ ನಿಂತು ಅಂಬರೀಶ್ ಅಣ್ಣನಿಗೆ ಫೋನ್ ಮಾಡಿದರು.

"ಹೆಂಗಿದೆ?"

"ಚೆನ್ನಾಗಿದೆ."

"ಮತ್ತಿನ್ನೇನು, ತಗೊ."

"ಇರ್ರೀ. ಓಡಿಸ್ತಿದ್ರೆ ಎಡಗಡೆ ಯಾರೋ ಕೂತಿದ್ದಂಗಾಯ್ತು."

"ಡೀಲರ್ ಕೂತಿರ್ತಾನಲ್ಲ?"

"ಅವನಲ್ಲ ಕಣ್ರೀ. ನಾನೇ ಕೂತಿದ್ದಂಗೆ."

ಅಣ್ಣನಿಗೆ ಇದು ಅರ್ಥವಾಗಲಿಲ್ಲ. ಬಿಸಿಲಿಗೆ ಏನೋ ಆಗಿರಬೇಕು, ಸ್ವಲ್ಪ ನೀರು ಕುಡಿ ಎಂದರು.

ಎರಡನೆಯದು ನೀಲಿ ಕಾರು. ಎರಡು ಬೀದಿ ಆಚೆ, ಗೇರ್ ಮಾಡುವ ಒಂದು ಸಣ್ಣ ಯೂನಿಟ್ಟಿನ ಶೆಡ್ಡಿನಲ್ಲಿತ್ತು. ಕಾರಿನ ಮಾಲೀಕ ಪರಮಾನಂದ ಅಲ್ಲೇ ಮಷೀನ್‌ಗಳನ್ನು ಹೊಂದಿಸಿಕೊಡುವ ಸೆಟ್ಟರ್. ಇಳಕಲ್ ಕಡೆಯವರು, ಪೀಣ್ಯಕ್ಕೆ ಬಂದು ಹದಿನಾರು ವರ್ಷ. ಗುಜರಿಗೆ ಹೊರಟಿದ್ದ ಆ ಕಾರನ್ನು ಕೊಂಡು ಆರು ವರ್ಷದ ಭಾನುವಾರಗಳನ್ನೆಲ್ಲ ಹಾಕಿ ಸರಿಮಾಡಿದ್ದರು. ಈಗ ಸೊಂಟದ ಡಿಸ್ಕು ಜರುಗಿದೆ, ಇಷ್ಟು ತಗ್ಗಿನ ಸೀಟಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದಾರೆ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡೇ ಶೆಡ್ಡಿನ ಬಾಗಿಲು ಎತ್ತಿದರು.

"ಇದರಾಗ ಏನೂ ಇಲ್ಲ ನೋಡ್ರಿ ಅಕ್ಕಾರ. ಬ್ರೇಕ್ ಒತ್ತಿದ್ರ ಗಾಲಿ ಕಚ್ಚಿಕೊಳ್ಳದಂಗ ತಡಿಯೂ ಎಬಿಎಸ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ನೀವು ಏನ್ ಮಾಡ್ತೀರಿ ಅದನ್ನ ಮಾಡತೈತಿ, ಅಷ್ಟ" ಎಂದರು. ಆಮೇಲೆ ನೆನಪಿಸಿಕೊಂಡು, "ಹಿಂದಿನ ಗಾಲಿ ದಬ್ಬೂ ಗಾಡಿ ಇದು. ತಿರುವಿನ್ಯಾಗ ಒಮ್ಮೆ ಹೊಕ್ಕಿಂದ ಆಕ್ಸಿಲರೇಟರ್ ಮ್ಯಾಲಿಂದ ಕಾಲು ತೆಗೀಬ್ಯಾಡ್ರಿ. ಹಗೂರ ಒತ್ತಿಕೊಂಡ ಇರ್ರಿ. ತೆಗದ್ರ ಬಾಲ ಹೊರಗ ಬರತೈತಿ."

"ಇಪ್ಪತ್ತೊಂದು ವರ್ಷದಿಂದ ನಾನು ಇದರ ಉಲ್ಟಾ ಹೇಳ್ಕೊಡ್ತಿದ್ದೀನಿ" ಎಂದು ಅಕ್ಕ ನಗಲು ನೋಡಿದರು.

ಪರಮಾನಂದ ಡಾಕ್ಟರ ಮಾತು ಮೀರಿ ಎಡಗಡೆ ಕೂತರು. ಅಕ್ಕ ಕೆಂಪು ಕಾರು ಓಡಿಸಿದ್ದ ಅದೇ ದಾರಿಯಲ್ಲಿ ಮೊದಲ ಸುತ್ತು ನಿಧಾನವಾಗಿ ಹೋದರು. ಕ್ಲಚ್ಚು ಗಟ್ಟಿ, ಸ್ಟೀರಿಂಗ್ ತಿರುಗಿಸಲು ತೋಳು ಬೇಕು. ಆದರೆ ರಸ್ತೆಯ ಒಂದೊಂದು ತೇಪೆಯೂ ಬೆರಳಿಗೆ ತಿಳಿಯುತ್ತಿತ್ತು. ಮೂರನೇ ಗೇರಿಗೆ ಹಾಕಿದಾಗ ಎಂಜಿನ್ನಿನ ಸದ್ದು ಬದಲಾಗಿ, ಅದು ಅಪ್ಪನ ಟೆಂಪೊ ಏರಿಯ ಮೇಲೆ ಮಾಡುತ್ತಿದ್ದ ಸದ್ದಿನಂತೆ ಕೇಳಿಸಿತಂತೆ. ಟೆಂಪೊ ಡೀಸೆಲ್, ಇದು ಪೆಟ್ರೋಲ್, ಹಾಗೆ ಕೇಳಿಸಲು ಸಾಧ್ಯವಿಲ್ಲ ಎಂದು ಪರಮಾನಂದ ಹೇಳುತ್ತಾರೆ. ಅಕ್ಕ ಒಪ್ಪುವುದಿಲ್ಲ.

ಎರಡನೆಯ ಸುತ್ತಿನಲ್ಲಿ ಐವತ್ತಕ್ಕೆ ತಿರುವು ಹೊಕ್ಕರು. ಮುಂದೆ ಯಾರೂ ಅಡ್ಡ ಬರಲಿಲ್ಲ, ನಾಯಿಯೂ ಇರಲಿಲ್ಲ. ಎಣ್ಣೆಯ ಮೇಲೆ ಹಿಂದಿನ ಗಾಲಿ ಒಂದಿಷ್ಟು ಸರಿಯಿತು, ಅಷ್ಟೇ. ಅಕ್ಕನ ಎರಡು ಕಾಲೂ ಒಟ್ಟಿಗೆ ಬಿದ್ದವು, ಕ್ಲಚ್ಚಿನ ಮೇಲೊಂದು, ಬ್ರೇಕಿನ ಮೇಲೊಂದು. ಗಾಲಿಗಳು ತಿರುಗದೆ ಕಚ್ಚಿಕೊಂಡವು. ಸ್ಟೀರಿಂಗ್ ಬಲಕ್ಕೆ ತಿರುಗಿದ್ದರೂ ಕಾರು ಅದನ್ನು ಕೇಳದೆ ನೇರವಾಗಿ ಮೋರಿಯ ಕಡೆ ಜಾರತೊಡಗಿತು. ಪರಮಾನಂದ ಬಾಗಿಲಿನ ಹಿಡಿ ಹಿಡಿದುಕೊಂಡರು. ಅವರ ಕಿಟಕಿಯಲ್ಲಿ ಮೊದಲು ರಸ್ತೆಯ ಅಂಚು ಕಂಡಿತು, ಆಮೇಲೆ ಮೋರಿಯ ಕಪ್ಪು ನೀರು ಕಂಡಿತು. ಕಾರು ನಿಂತಿತು.

ಗಾಲಿಗೂ ಮೋರಿಗೂ ನಡುವೆ ಒಂದು ಗೇಣು ಇತ್ತು ಎನ್ನುತ್ತಾರೆ ಪರಮಾನಂದ. ಅಕ್ಕ ಒಂದು ಮೊಳ ಎನ್ನುತ್ತಾರೆ. ಇಬ್ಬರ ಮಾತು ಕೂಡದ ಎರಡನೆಯ ಕಡೆ ಇದು.

ಅಕ್ಕನ ಕಾಲು ಇನ್ನೂ ಕ್ಲಚ್ಚಿನ ಮೇಲೇ ಇದ್ದುದರಿಂದ ಎಂಜಿನ್ ಏನೂ ನಡೆದೇ ಇಲ್ಲವೆಂಬಂತೆ ಓಡುತ್ತಿತ್ತು.

"ಎರಡೂ ಕಾಲು ಒಮ್ಮೆಲೆ ಬಿದ್ದುವಲ್ರಿ" ಎಂದರು ಪರಮಾನಂದ.

"ನಾನು ಹಾಕ್ಲಿಲ್ಲ. ಅವೇ ಬಿದ್ವು."

ಅಷ್ಟರಲ್ಲಿ ಲೋಕೇಶ್ ಅವರ ಫೋನು ಬಂತು. "ಮೇಡಂ, ಯಲಹಂಕದವ್ರು ಬೇಗ ಬಂದ್ಬಿಟ್ರು. ಗಾಡಿ ಅವರಿಗೂ ಹಿಡಿಸ್ಬಿಟ್ಟಿದೆ. ನೀವ್ ಮೊದ್ಲು ನೋಡಿದ್ದು ಅಂತ ಹತ್ತು ನಿಮಿಷ ತಡೀತೀನಿ. ಹೂಂ ಅನ್ನಿ ಸಾಕು."

ಹೂಂ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ತಪ್ಪು ಮಾಡಲು ಬಿಡದ ಕಾರು ಮನೆಗೆ ಬರುತ್ತಿತ್ತು, ಗಂಡನೂ ನೆಮ್ಮದಿಯಾಗಿರುತ್ತಿದ್ದರು. ಕೆಂಪು ಕಾರು ಕೈಬಿಟ್ಟು, ನೀಲಿ ಕಾರೂ ಕೈಗೆ ಬಗ್ಗದಿದ್ದರೆ, ಕೊಟ್ಟ ಮಾತಿನ ಪ್ರಕಾರ ಯಾವ ಕಾರೂ ಇಲ್ಲ. ಅಕ್ಕ ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದರು.

"ಇನ್ನೊಂದ್ ಸಲ ಹೋಗ್ತೀನಿ. ನೀವು ಇಳ್ಕೊಳ್ಳಿ."

"ಇನ್ನೊಮ್ಮೆ? ಇದ ತಿರುವು?"

"ಇದೇ ತಿರುವು."

"ನಾನೂ ಬರ್ತೇನ್ರಿ. ಇನ್ನೂ ನನ್ನ ಗಾಡಿ ಐತಿ."

"ನಿಮ್ ಸೊಂಟ?"

"ಸೊಂಟ ಹೋಗಿದ್ದು ಹೋಗೇತ್ರಿ. ಹೊಡೀರಿ."

ಅಕ್ಕ ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಇಟ್ಟರು. ನೇರ ದಾರಿಯಲ್ಲಿ ಮೂರನೇ ಗೇರಿಗೆ ಹಾಕಿದ ಮೇಲೆ ಎಡಗಾಲನ್ನು ಕ್ಲಚ್ಚಿನಿಂದ ತೆಗೆದು ಸೀಟಿನ ಅಂಚಿಗೆ ಮಡಚಿಕೊಂಡರು, ಅದು ಎಷ್ಟು ಹಾರಿದರೂ ಪೆಡಲ್ ಸಿಗದ ಹಾಗೆ. ಬಲಗಾಲಿಗೆ ಅಂಥ ಉಪಾಯ ಏನೂ ಇರಲಿಲ್ಲ. ಅದು ಆಕ್ಸಿಲರೇಟರ್ ಮೇಲೆಯೇ ಇರಬೇಕಿತ್ತು, ಬ್ರೇಕು ನಾಲ್ಕು ಬೆರಳು ಪಕ್ಕದಲ್ಲಿತ್ತು.

ಗೋಡೆ ಬಂತು. ಕಪ್ಪು ಟಾರು ಬಂತು. ಬಾಲ ಮತ್ತೆ ಸರಿಯಿತು. ಅಕ್ಕನ ಬಲಗಾಲಿನ ಹಿಮ್ಮಡಿ ಮೇಲಕ್ಕೆದ್ದಿತು.

"ಇರ್ಲಿ!" ಎಂದು ಅಕ್ಕ ಕೂಗಿದರು, ಗ್ರೌಂಡಿನಲ್ಲಿ ಕಲಿಯುವವರಿಗೆ ಕೂಗುವ ಅದೇ ದನಿಯಲ್ಲಿ. "ಕಾಲ್ ಇರ್ಲಿ! ಇರ್ಲಿ! ಇರ್ಲಿ!"

ಕಾಲು ಅಲ್ಲೇ ಇತ್ತು. ಹಿಂದಿನ ಗಾಲಿಗಳು ಎಣ್ಣೆ ದಾಟಿ ಒಣ ಟಾರನ್ನು ಹಿಡಿದವು. ಕಾರು ತಿರುವಿನಿಂದ ಹೊರಗೆ, ತನ್ನನ್ನು ಯಾರೋ ಬೆನ್ನು ತಟ್ಟಿ ಕಳಿಸಿದ ಹಾಗೆ ಬಂತು. ಮೀಟರ್ ನಲವತ್ತೆಂಟು ತೋರಿಸುತ್ತಿತ್ತು. ಕೆಂಪು ಕಾರು ಇದೇ ತಿರುವನ್ನು ಅರವತ್ತರಲ್ಲಿ ತಿರುಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಬ್ಯಾಗಿನೊಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅಕ್ಕ ನಿಲ್ಲಿಸದೆ ಮತ್ತೊಂದು ಸುತ್ತು ಹೋದರು. ಈ ಸಲ ತಿರುವಿನಲ್ಲಿ ಅವರು ಏನೂ ಕೂಗಲಿಲ್ಲ. ಹೊರಗೆ ಬಂದ ಮೇಲೆ ನೋಡಿದರೆ ಫೋನು ಸುಮ್ಮನಾಗಿತ್ತು.

ಶೆಡ್ಡಿನ ಮುಂದೆ ಕಾರು ನಿಲ್ಲಿಸಿದಾಗ ಲೋಕೇಶ್ ಅವರ ಮೆಸೇಜು ಇತ್ತು: ಕೆಂಪು ಕಾರು ಹೋಯಿತು, ಬೇಜಾರು ಮಾಡಿಕೊಳ್ಳಬೇಡಿ. ಅಕ್ಕ ಅದನ್ನು ಓದಿ ಪಕ್ಕಕ್ಕೆ ನೋಡಿದರು. ಪರಮಾನಂದ ಸೀಟಿಗೆ ಬೆನ್ನೊತ್ತಿ ನೆಟ್ಟಗೆ ಕೂತಿದ್ದರು. ಅವರ ಬಲಗಾಲಿನ ಕೆಳಗೆ ಮ್ಯಾಟು ಮುದುರಿ ಮೇಲೆದ್ದಿತ್ತು. ಕಾಲು ಇನ್ನೂ ಒತ್ತಿಕೊಂಡೇ ಇತ್ತು.

"ಗಾಡಿ ನಿಂತಿದೆ. ಕಾಲ್ ತೆಗೀರಿ" ಎಂದರು ಅಕ್ಕ.

ಪರಮಾನಂದ ಕೆಳಗೆ ನೋಡಿ ನಗಲು ಹೋಗಿ, ಸೊಂಟ ಹಿಡಿದುಕೊಂಡು, "ನಗಸಬ್ಯಾಡ್ರಿ ಅಕ್ಕಾರ" ಎಂದರು. ಇಳಿಯಲು ಅವರಿಗೆ ಎರಡು ನಿಮಿಷ ಬೇಕಾಯಿತು. ಇಳಿದವರು ಒಳಗೆ ಹೋಗಿ ಇನ್ನೊಂದು ಚಾವಿಯನ್ನೂ ಕಾಗದಪತ್ರಗಳನ್ನೂ ತಂದು ಬಾನೆಟ್ ಮೇಲಿಟ್ಟರು.

ಅಕ್ಕ ಮನೆಗೆ ಫೋನ್ ಮಾಡಿದರು.

"ಯಾವ್ದು?" ಎಂದು ಅಂಬರೀಶ್ ಅಣ್ಣ ಕೇಳಿದರು.

"ನೀಲಿ."

"ನಿಂಗೆ ಓಡ್ಸಕ್ ಬಂತಾ?"

"ಬಂತು."

"ಸಲೀಸಾಗಿ ಬಂತಾ?"

ಅಕ್ಕ ಬಾನೆಟ್ ಮೇಲಿನ ಚಾವಿ ಕೈಗೆತ್ತಿಕೊಂಡು, "ಮನೆಗೆ ಬಂದು ಹೇಳ್ತೀನಿ" ಎಂದರು.

ಆವತ್ತು ಹೇಳಲಿಲ್ಲ. ಗಂಡನಿಗೆ ಹೇಳುವವರೆಗೆ ಈ ಬರಹವನ್ನು ಯಾರಿಗೂ ತೋರಿಸಬೇಡ ಎಂದು ನನಗೆ ಹೇಳಿದ್ದರು. ನಾಲ್ಕು ತಿಂಗಳು ಕಾದೆ. ಕಳೆದ ಭಾನುವಾರ ಅಂಬರೀಶ್ ಅಣ್ಣ ಮೊದಲ ಸಲ ಆ ಕಾರಿನ ಎಡಗಡೆ ಸೀಟಿನಲ್ಲಿ ಕೂತು ಆನೇಕಲ್‌ವರೆಗೆ ಹೋಗಿಬಂದರು. ದಾರಿಯಲ್ಲಿ ಅಕ್ಕ ಮೋರಿಯ ವಿಷಯ ಹೇಳಿದರು.

ಒಂದು ಮೊಳ ಎಂದೇ ಹೇಳಿದರಂತೆ.