ಬೀಗರ ಪಾಲಿನ ಮಿದುಳು

ದುಬಲಗುಂಡಿಯ ಭೀಮಬಾಯಿ ಮೂವತ್ತು ವರ್ಷಗಳಿಂದ ಹುಮನಾಬಾದಿನ ಮಟನ್ ಅಂಗಡಿಗಳ ಹಿಂದೆ ಕೂತು ಕುರಿಯ ತಲೆಕಾಲು ಸುಟ್ಟು, ಕೆರೆದು, ಒಡೆದು ಕೊಡುತ್ತ ಬಂದವಳು. ಎರಡೇ ಏಟಿಗೆ ತಲೆ ಬಿಡಿಸಿ, ಮಿದುಳನ್ನು ಇಡಿಯಾಗಿ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಕಡೆ ಒಂದು ರೂಢಿ: ತಲೆಯ ಸಾರು ಮಾಡಿದ ದಿನ ಮಿದುಳು ಹಿರಿಯ ಗಂಡಸಿನ ತಟ್ಟೆಗೆ. ಅದನ್ನು ತಿಂದು ಜಾಣನಾದ ಒಬ್ಬ ಗಂಡಸನ್ನೂ ಅವಳು ಕಂಡಿರಲಿಲ್ಲ.

ಮೊಮ್ಮಗಳು ಪೂನಂಳ ಮಾವ, ಅವಳ ಗಂಡನ ಅಪ್ಪ ಅಮೋಘಸಿದ್ದಪ್ಪನಂತೂ ಅದಕ್ಕೆ ಜೀವಂತ ಸಾಕ್ಷಿ. ಬಸವಕಲ್ಯಾಣದ ಹತ್ತಿರ ನೂರು ಕುರಿ ಸಾಕಿದ್ದ ಈತ, ಕುರಿಗಳಿಗೆ ಔಷಧಿ ಕುಡಿಸಿ ಕುಡಿಸಿ ತಾನೂ ಅರ್ಧ ಡಾಕ್ಟರ್ ಎಂದುಕೊಂಡಿದ್ದ. ಬಸುರಿ ಪೂನಂಗೆ ಐದು ತಿಂಗಳು ತುಂಬಿದಾಗ ಸ್ಕ್ಯಾನಿಂಗ್ ಆಯಿತು. ಕೂಸಿನ ಮಿದುಳು ಇನ್ನೂ ಮಡಿಕೆಯಿಲ್ಲದೆ ನುಣುಪಾಗಿದೆ, ಈ ತಿಂಗಳಿಗೆ ಅದು ಸರಿಯಾಗಿಯೇ ಇದೆ ಎಂದು ವರದಿಯಲ್ಲಿತ್ತು. ಅಮೋಘಸಿದ್ದಪ್ಪ ಅದನ್ನು ಮೊಬೈಲಿನಲ್ಲಿ ಕನ್ನಡ ಮಾಡಿಸಿಕೊಂಡು ಅರ್ಧ ಓದಿದ. ಉಳಿದರ್ಧ ಓದುವ ತಾಳ್ಮೆ ಅವನ ವಂಶದಲ್ಲೇ ಇರಲಿಲ್ಲ.

"ಮಿದುಳದಾಗ ಒಂದೂ ಮಡಿಕಿ ಇಲ್ಲಂತ. ಹುಟ್ಟಿದ್ರ ದಡ್ಡ ಹುಟ್ತದ. ನಾಳೆ ದವಾಖಾನಿಗೆ ಒಯ್ದು ತಗಸ್ತೀವಿ," ಎಂದು ಭೀಮಬಾಯಿಗೆ ಫೋನಿನಲ್ಲಿ ಹೇಳಿದ. ಪೂನಂಳ ಗಂಡ ಗೋವರ್ಧನ ಪಕ್ಕದಲ್ಲೇ ನಿಂತು ಹೂಂಗುಟ್ಟುತ್ತಿದ್ದ.

ಭೀಮಬಾಯಿಗೆ ಮೈಯೆಲ್ಲ ಉರಿಯಿತು. ಗಬ್ಬದ ಕುರಿ ಕೊಯ್ದಾಗ ಹೊಟ್ಟೆಯೊಳಗಿನ ಮರಿಗಳನ್ನು ಅವಳು ಎಷ್ಟೋ ಸಲ ನೋಡಿದ್ದಳು. ಕುರಿಗೆ ಗಬ್ಬ ಐದೇ ತಿಂಗಳು; ಎರಡು ತಿಂಗಳ ಮರಿಯ ಮಿದುಳು ಸುಲಿದ ಮೊಟ್ಟೆಯಂತೆ ನುಣ್ಣಗೆ. ನಾಲ್ಕು ತಿಂಗಳದ್ದರಲ್ಲಿ ಮಡಿಕೆಗಳು ಎದ್ದು ಕಾಣುತ್ತವೆ. ನೂರು ಕುರಿ ಇಟ್ಟವನಿಗೆ ಇಷ್ಟೂ ಗೊತ್ತಿಲ್ಲವೆಂದರೆ ಇಷ್ಟು ವರ್ಷ ಅವನು ಕಾದದ್ದಾದರೂ ಏನನ್ನು? ಆದರೆ ಮನುಷ್ಯರ ಕೂಸೂ ಹಾಗೆಯೋ ಏನೋ ಎಂಬ ಅಳುಕು ಅವಳಿಗೂ ಇತ್ತು. ಮರುದಿನ ಮೊದಲ ಬಸ್ಸು ಹಿಡಿದು ಬಸವಕಲ್ಯಾಣ ಮುಟ್ಟಿದಳು.

ದವಾಖಾನೆಯಲ್ಲಿ ಎಲ್ಲರ ಎದುರಿಗೇ ಡಾಕ್ಟರ್ ವರ್ಷಾ ವರದಿ ನೋಡಿದರು. "ಈ ತಿಂಗಳದಾಗ ಎಲ್ಲಾ ಕೂಸಿಂದೂ ಹಿಂಗೇ ಇರ್ತದ್ರಿ. ಮಂಗ್ಯಾನ ಮರಿದೂ ಹೊಟ್ಟಿಯೊಳಗ ಮೊದಲ ನುಣ್ಣಗೇ ಇರ್ತದ. ಆಮ್ಯಾಗ ಮ್ಯಾಲಿನ ಪದರ ಜಲ್ದಿ ಬೆಳೀತದ, ಒಳಗಿಂದು ಅಷ್ಟು ಬೆಳೆಯಂಗಿಲ್ಲ. ಅದಕ್ಕ ಮಡಿಕಿ ಬೀಳ್ತಾವ."

ಭೀಮಬಾಯಿಗೆ ಕೂಡಲೇ ತಿಳಿಯಿತು. ಕೌದಿ ಹೊಲಿಯುವಾಗ ಮೇಲಿನ ಅರಿವೆ ದೊಡ್ಡದಾದರೆ ಹೀಗೆಯೇ ನೆರಿಗೆ ಬೀಳುತ್ತದೆ.

"ನಮ್ಮ ಕೂಸಿಗೆ ಮಂಗ್ಯಾ ಅಂತೀರೇನ್ರಿ?" ಎಂದ ಅಮೋಘಸಿದ್ದಪ್ಪ. "ಇಡೂದೋ ತಗಸೂದೋ ನಾವು ಗಂಡಸರು ಕುಂತು ಮಾತಾಡ್ತೀವಿ."

"ನಿಮಗ ಕೇಳಿಲ್ರಿ," ಎಂದು ಡಾಕ್ಟರು ಪೂನಂ ಕಡೆ ತಿರುಗಿದರು. ಪೂನಂ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ನನಗ ಕೂಸು ಬೇಕ್ರಿ," ಎಂದಳು. ಅಜ್ಜಿಯ ಕಡೆ ತಿರುಗಿ, "ಆಯಿ, ನಾ ನಿನ್ನ ಕೂಡ ಬರ್ತೀನಿ."

ಎಂಟನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಡಿಕೆಗಳೆಲ್ಲ ಸ್ಪಷ್ಟವಾಗಿ ಕಂಡವು. "ನಮ್ಮ ವಂಶದ ತಲಿ ಅದು, ನಾ ಮೊದಲೇ ಹೇಳಿದ್ನಿ," ಎಂದು ಅಮೋಘಸಿದ್ದಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದಿರಲೇ ಇಲ್ಲ.

ಹೆಣ್ಣು ಕೂಸಿಗೆ ಐದು ತಿಂಗಳಾದಾಗ ತಾಯಿ ಮಗುವನ್ನು ಕರೆದೊಯ್ಯಲು ಬೀಗರು ದುಬಲಗುಂಡಿಗೆ ಬಂದರು. ಭೀಮಬಾಯಿ ತಲೆಯ ಸಾರು ಮಾಡಿ, ಪೂನಂಳನ್ನೂ ಗಂಡಸರ ಸಾಲಿನಲ್ಲೇ ಕೂರಿಸಿದಳು. ಅಮೋಘಸಿದ್ದಪ್ಪ ಮೀಸೆ ಒರೆಸಿಕೊಂಡು ತಟ್ಟೆಯನ್ನು ಮುಂದೆ ಸರಿಸಿದ. ಭೀಮಬಾಯಿ ಮಿದುಳನ್ನು ಇಡಿಯಾಗಿ ಎತ್ತಿ, ಆ ತಟ್ಟೆಯ ಮೇಲಿಂದಲೇ ದಾಟಿಸಿ, ಪೂನಂಳ ತಟ್ಟೆಗೆ ಹಾಕಿದಳು.

"ಅದು ನನ್ನ ಪಾಲಿಂದಲ್ಲೇನ್ರಿ, ಬೀಗತಿ?"

"ಆಕಿ ಕೂಸಿಗಿ ಹಾಲು ಕುಡಸಾಕತ್ತಾಳ್ರಿ. ಕೂಸಿಂದು ಇನ್ನಾ ಬೆಳ್ಯಾಕತ್ತದ," ಎಂದಳು ಭೀಮಬಾಯಿ. "ನಿಮ್ಮದು ಬೆಳೆಯೂದು ಮುಗದದ. ನಿಮಗ ನಾಲಿಗಿ ಎತ್ತಿಟ್ಟೀನಿ, ತಗೋರಿ."

ಅವನ ತಟ್ಟೆಗೆ ನಾಲಿಗೆ ಬಿತ್ತು. ಪೂನಂ ಮಾವನ ಎದುರಿಗೇ ಮಿದುಳನ್ನು ಮುರಿದು, ನಿಧಾನವಾಗಿ ಪೂರ್ತಿ ತಿಂದಳು.