ಏಳು ಹಾಡುಗಳ ಕ್ಯಾಸೆಟ್

ಆ ಕ್ಯಾಸೆಟ್ಟನ್ನು ವಸಂತ ಕದಿಯಲಿಲ್ಲ, ಶಶಿ. ಅಳಿಸಿದವನು ನಾನು. ಗೊತ್ತಿದ್ದೇ ಅಳಿಸಿದೆ. ಆಮೇಲೆ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ನಿನ್ನ ಮೊದಲ ಕಾಲದ ಹಾಡುಗಳನ್ನೆಲ್ಲ ಸೇರಿಸಿ ಆಲ್ಬಂ ತರುತ್ತಿದ್ದಾರೆ, ಜೊತೆಗೊಂದು ಪುಸ್ತಿಕೆ. ಅದಕ್ಕೊಂದು ಪುಟ ಬರೆದುಕೊಡಬೇಕು ಎಂದು ಕಂಪೆನಿಯ ಹುಡುಗಿ ನನಗೆ ಫೋನ್ ಮಾಡಿದಳು. "ಇಷ್ಟು ದೊಡ್ಡ ರಾಕ್ ಗಾಯಕರ ಹಳೆಯ ಕ್ಯಾಸೆಟ್ಟುಗಳನ್ನು ಇಷ್ಟು ವರ್ಷ ಜೋಪಾನ ಮಾಡಿದ್ದು ನೀವು ಸರ್, ನಿಮ್ಮ ಮಾತು ಬೇಕೇ ಬೇಕು" ಎಂದಳು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆದರೂ ಕೂತು ಬರೆದೆ. ಚಂದವಾಗಿಯೇ ಬಂತು. ಒಂದು ಸಾಲೂ ಸುಳ್ಳಿರಲಿಲ್ಲ — ಆದರೆ ಇಡೀ ಪುಟ ಸುಳ್ಳಾಗಿತ್ತು. ಹರಿದುಹಾಕಿದೆ. ಇದು ಎರಡನೆಯದು.

ಓದುವವರಿಗೂ ತಿಳಿಯಲಿ ಎಂದು ಮೊದಲಿಂದ ಹೇಳುತ್ತೇನೆ. ಆಗ ನನ್ನದು ಬೆಳ್ಳಾರೆಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆಗೆ, ಪೂಜೆಗೆ, ಓಟಿನ ಪ್ರಚಾರಕ್ಕೆ ಮೈಕ್ ಕಟ್ಟುವ ಕೆಲಸ. ಅಂಗಡಿಯ ಹಿಂದಿನ ಕೋಣೆಯ ಗೋಡೆಗೆ ಸದ್ದು ತಡೆಯಲು ಗೋಣಿ ಬಡಿದು ನನ್ನ ತಮ್ಮ ಶಶಿ ಗಿಟಾರ್ ಹಿಡಿದು ಹಾಡುತ್ತಿದ್ದ. ಕಡಬದ ವಸಂತ ಡ್ರಮ್ಸ್ ಬಾರಿಸುತ್ತಿದ್ದ. ಟೇಪ್ ರೆಕಾರ್ಡರಿನ ಗುಂಡಿ ಒತ್ತುವವನು ನಾನು. ಅಂಗಡಿಗೆ ಬಂದವರು ನನ್ನನ್ನು ಕೆಣಕುತ್ತಿದ್ದರು: "ನಿನ್ನ ತಮ್ಮನಿಗೆ ಮೈಕ್ ಎಂತಕ್ಕೆ ಮಾರಾಯಾ? ಹೀಗೇ ಬೊಬ್ಬೆ ಹೊಡೆದರೆ ಸುಳ್ಯಕ್ಕೆ ಕೇಳ್ತದೆ!" ಅವರ ಜೊತೆ ನಾನೂ ನಗುತ್ತಿದ್ದೆ.

ಏಳು ಹಾಡುಗಳನ್ನು ಒಂದೇ ಕ್ಯಾಸೆಟ್ಟಿನಲ್ಲಿ ಮುಗಿಸಿದ ದಿನ, ಅದರ ಬೆನ್ನಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ನೀನೇ ಸ್ಕ್ರೂಡ್ರೈವರಿನಿಂದ ಮುರಿದೆ. ಅವು ಮುರಿದರೆ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. "ಪುತ್ತೂರಿಗೆ ಹೋಗುವಾಗ ಕಾಪಿ ಮಾಡಿಸಿಕೊಂಡು ಬಾ ಅಣ್ಣ. ಇದೊಂದೇ ಇರುದು" ಎಂದು ನನ್ನ ಚೀಲಕ್ಕೆ ಹಾಕಿದೆ.

ಮರುದಿನ ಗುತ್ತಿಗಾರಿನ ಕಡೆ ಒಂದು ಗೃಹಪ್ರವೇಶ. ಮಧ್ಯಾಹ್ನದ ಊಟದ ಮೇಲೆ ತಾಳಮದ್ದಳೆ — ವೇಷ ಕಟ್ಟದೆ, ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ. ಮರ ಹತ್ತಿ ಮೈಕಿನ ಹಾರ್ನ್ ಕಟ್ಟಲು ಬರುತ್ತೇನೆ ಎಂದಿದ್ದವನು ನೀನು ಬರಲಿಲ್ಲ. "ಪ್ರಾಕ್ಟೀಸ್ ಉಂಟು" ಎಂದೆ. ನಾನೊಬ್ಬನೇ ಹತ್ತಿದೆ, ಮೊಣಕಾಲು ತರಚಿಕೊಂಡೆ. ಸಿಟ್ಟಿತ್ತು — ಇದನ್ನು ನೆಪವಾಗಿ ಹೇಳುತ್ತಿಲ್ಲ, ಇತ್ತು ಎಂದಷ್ಟೇ.

ಅರ್ಥ ಹೇಳುವವರು, ಅಂದರೆ ಪಾತ್ರಗಳ ಮಾತಾಡುವವರು, ಅಂದು ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ವಾದ ಬೆಳೆಯಿತು. ಅದನ್ನು ರೆಕಾರ್ಡ್ ಮಾಡಲು ನಾನು ತಂದಿದ್ದ ಎರಡು ಖಾಲಿ ಕ್ಯಾಸೆಟ್ಟುಗಳೂ ಮುಗಿದವು. ಮನೆಯ ಯಜಮಾನರು ಓಡಿ ಬಂದರು. "ಎಂತ ಮಾರಾಯಾ, ಮಾತಿಗೆ ಈಗ ಕಾವು ಬಂದದ್ದಷ್ಟೆ! ಟೇಪು ನಿಲ್ಲಿಸುದಾದರೆ ನಿನ್ನನ್ನು ಕರೆಸಿದ್ದು ಎಂತಕ್ಕೆ, ಪಾಯಸ ಬಡಿಸ್ಲಿಕ್ಕಾ?" ಕೂತವರೆಲ್ಲ ನಕ್ಕರು.

ಚೀಲದಲ್ಲಿ ನಿನ್ನ ಕ್ಯಾಸೆಟ್ ಇತ್ತು. ತುಂಡು ಮುರಿದ ತೂತಿಗೆ ಕಾಗದ ಮಡಚಿ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಮೈಕಿನವರಿಗೆಲ್ಲ ಗೊತ್ತಿರುವ ಉಪಾಯ. ಗೃಹಪ್ರವೇಶದ ಆಮಂತ್ರಣ ಕಾಗದದ ಮೂಲೆ ಹರಿದೆ. ಅನ್ನದ ಅಗುಳು ಹಚ್ಚಿ ಅಂಟಿಸಿದೆ. ಗುಂಡಿ ಒತ್ತಿದೆ.

ಮರೆತು ಆದದ್ದಲ್ಲ, ಶಶಿ. ಕಾಗದ ಮಡಚುವಷ್ಟು ಹೊತ್ತು ಯೋಚಿಸಲು ಸಮಯವಿತ್ತು. ಒಂದು ಬದಿ ಮುಗಿದಾಗಲಾದರೂ ನಿಲ್ಲಿಸಬಹುದಿತ್ತು, ಇನ್ನೊಂದು ಬದಿಯ ಹಾಡುಗಳು ಉಳಿಯುತ್ತಿದ್ದವು. ಆ ಬದಿಗೂ ಕಾಗದ ಬೇಕಿತ್ತು. ಮತ್ತೊಂದು ಮೂಲೆ ಹರಿದೆ.

ಕ್ಯಾಸೆಟ್ಟನ್ನು ಯಜಮಾನರಿಗೇ ಕೊಟ್ಟು ಬಂದೆ. ಸಂಜೆ ನೀನು ಕೇಳಿದೆ: "ಕ್ಯಾಸೆಟ್ ಎಲ್ಲಿ ಅಣ್ಣ?"

"ಅಂಗಡಿಯಲ್ಲೇ ಇಟ್ಟಿದ್ದೆ. ಬೆಳಿಗ್ಗೆ ವಸಂತ ಬಂದಿದ್ದ."

ವಸಂತ ಬಂದದ್ದು ನಿಜ. ಡ್ರಮ್ಸಿನ ಕೋಲು ಬಿಟ್ಟುಹೋಗಿದ್ದ, ತೆಗೆದುಕೊಂಡು ಹೋದ. ಇಟ್ಟಿದ್ದೆ ಎಂದದ್ದು ಸುಳ್ಳು. ಅದೇ ವಾರ ಅವನು ಮಂಗಳೂರಿನ ಬೇರೊಂದು ತಂಡಕ್ಕೆ ಹೋಗುತ್ತೇನೆ ಎಂದು ನಿನ್ನಲ್ಲಿ ಜಗಳವಾಡಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಮಾತು ನನ್ನ ಬಾಯಿಗೆ ಬಂತು —

ನೀನು ಕಡಬಕ್ಕೆ ಹೋದೆ. ಅವನ ಅಂಗಳದಲ್ಲಿ, ಅವನ ಅಪ್ಪನ ಎದುರು, ಕಳ್ಳ ಎಂದೆ. ತಿರುಗಿ ಬಂದು ಅದನ್ನೆಲ್ಲ ನನಗೆ ಹೇಳಿದೆ. ನಾನು ಮೈಕಿನ ವಯರ್ ಸುತ್ತುತ್ತಿದ್ದೆ. ಸುತ್ತುವುದನ್ನು ನಿಲ್ಲಿಸಲಿಲ್ಲ.

ಸುದ್ದಿ ಮಂಗಳೂರಿಗೂ ಹೋಯಿತು. ಆ ತಂಡದವರು ವಸಂತನನ್ನು ಸೇರಿಸಿಕೊಳ್ಳಲಿಲ್ಲ. ಅವನು ಡ್ರಮ್ಸ್ ಮಾರಿದ. ಅದಕ್ಕೂ ನನ್ನಲ್ಲಿ ಒಂದು ಸಮಾಧಾನ ಇತ್ತು — ಹೇಗೂ ಬಿಡುತ್ತಿದ್ದನೋ ಏನೋ ಎಂದು. ನೀನು ದೊಡ್ಡವನಾದೆ. ಉಳಿದ ಕ್ಯಾಸೆಟ್ಟುಗಳನ್ನು ನಾನು ವರ್ಷವರ್ಷವೂ ಬಿಸಿಲಿಗಿಟ್ಟು, ಬೂಸಲು ಒರೆಸಿ ಕಾಪಾಡಿದೆ. ಪ್ರೀತಿಯಿಂದಲೋ ಭಯದಿಂದಲೋ... ನನಗೆ ಇವತ್ತಿಗೂ ಗೊತ್ತಿಲ್ಲ.

ಮೊನ್ನೆ ಕಂಪೆನಿಯ ಹುಡುಗಿ ಪುಸ್ತಿಕೆಯ ಕರಡನ್ನು ಮೊಬೈಲಿಗೆ ಕಳುಹಿಸಿದಳು. ಅದರಲ್ಲೊಂದು ಸಾಲು: "ಏಳು ಹಾಡುಗಳ ಕ್ಯಾಸೆಟ್ಟನ್ನು ಆಗಿನ ಡ್ರಮ್ಮರ್ ಕೊಂಡುಹೋದ, ಅದು ಮತ್ತೆ ಸಿಗಲಿಲ್ಲ." ನೀನು ಹೇಳಿದ್ದನ್ನು ಅವಳು ಬರೆದಿದ್ದಾಳೆ. ನಾನು ಹೇಳಿದ್ದನ್ನು ನೀನು ಹೇಳಿದ್ದೀ. ಇಷ್ಟು ದಿನ ನಾಲ್ಕು ಜನರ ಬಾಯಲ್ಲಿದ್ದದ್ದು ಇನ್ನು ಅಚ್ಚಾಗುತ್ತದೆ. ವಸಂತನ ಮಕ್ಕಳೂ ಓದುತ್ತಾರೆ.

ಸೋಮವಾರ ಕಡಬಕ್ಕೆ ಹೋದೆ. ವಸಂತ ಈಗ ಅಲ್ಲಿ ವೆಲ್ಡಿಂಗ್ ಅಂಗಡಿ ನಡೆಸುತ್ತಾನೆ. ಕನ್ನಡಕ ಹಣೆಗೇರಿಸಿ ನೋಡಿದ. "ಓ, ಮೈಕಿನ ಅಣ್ಣ! ಎಂತ, ಗೇಟು ಬೇಕಿತ್ತಾ?"

ನಿಂತಲ್ಲೇ ಎಲ್ಲ ಹೇಳಿದೆ. ಮುಗಿದ ಮೇಲೆ ಅವನು ಹೇಳಿದ:

"ನನಗೆ ಹೇಳಿ ಎಂತ ಪ್ರಯೋಜನ ಅಣ್ಣ? ನಾನು ಕದಿಯಲಿಲ್ಲ ಅಂತ ನನಗೆ ಅವತ್ತೇ ಗೊತ್ತುಂಟಲ್ಲ. ಗೊತ್ತಿಲ್ಲದವರಿಗೆ ಹೇಳಿ."

ಕನ್ನಡಕ ಇಳಿಸಿ ಕೆಲಸಕ್ಕೆ ತಿರುಗಿದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಗುತ್ತಿಗಾರಿನ ಆ ಮನೆಗೂ ಹೋಗಿ ವಿಚಾರಿಸಿದೆ. ಯಜಮಾನರು ತೀರಿಕೊಂಡಿದ್ದಾರೆ, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿ ಎಷ್ಟೋ ಕಾಲವಾಯಿತು. ಆ ಏಳು ಹಾಡುಗಳು ಇನ್ನು ಯಾರ ಕಿವಿಗೂ ಇಲ್ಲ. ಅದನ್ನು ತುಂಬಿಕೊಡುವ ಶಕ್ತಿ ನನಗಿಲ್ಲ. ಒಂದು ಸಾಲನ್ನು ತಿದ್ದಿಸುವ ಶಕ್ತಿ ಇದೆ, ಅದನ್ನು ಮಾಡಿಯೇ ತೀರುತ್ತೇನೆ.

ಈ ಪುಟವನ್ನು ಕಂಪೆನಿಗೂ ನಿನಗೂ ಒಟ್ಟಿಗೇ ಕಳುಹಿಸುತ್ತಿದ್ದೇನೆ — ನಿನಗೊಬ್ಬನಿಗೇ ಕಳುಹಿಸಿದರೆ, ಅಣ್ಣನ ಮಾನ ಹೋಗುತ್ತದೆಂದು ನೀನು ಮಡಚಿಟ್ಟುಕೊಳ್ಳಬಹುದು. ಬೇಡ. ಇದ್ದ ಹಾಗೆಯೇ ಅಚ್ಚಾಗಲಿ. ಕ್ಯಾಸೆಟ್ಟುಗಳನ್ನು ಕಾಪಾಡಿದವರೆಂದು ಪುಸ್ತಿಕೆಯಲ್ಲಿ ನನಗೆ ಹೇಳಿರುವ ಕೃತಜ್ಞತೆಯನ್ನು ತೆಗೆದುಹಾಕಿಸು. ಡ್ರಮ್ಮರ್ ಎಂದಿರುವಲ್ಲಿ ಅಣ್ಣ ಎಂದು ಬರೆಸು, ಕೊಂಡುಹೋದ ಎಂದಿರುವಲ್ಲಿ ಅಳಿಸಿದ ಎಂದು. ನನ್ನ ಪೂರ್ತಿ ಹೆಸರು ಹಾಕಿಸು, ಬೆಳ್ಳಾರೆ ಎಂದೂ ಇರಲಿ. ಇಲ್ಲಿ ನಾನು ಎಲ್ಲರಿಗೂ ಗೊತ್ತು.